ಹೌದೆನ್ನುವ ಬಾಣ

ನನ್ನ ಗಂಡ ಆನ್ಸೆಲ್ಮ್‌ಗೆ ಕಾರು ಕಂಡರಾಗುತ್ತಿರಲಿಲ್ಲ. ಬ್ರೆಡ್ಡಿನ ವ್ಯಾನು ದಿನಕ್ಕೊಮ್ಮೆ ಹಾದುಹೋಗುವ ರಸ್ತೆಯೂ ಅವನ ಪಾಲಿಗೆ ಹೆದ್ದಾರಿಯೇ. ಪಕ್ಕದೂರಿನ ತಂಗಿಯ ಮನೆಗೆ ಊಟಕ್ಕೆ ಹೊರಟರೂ ಎರಡು ಗುಡ್ಡ ಸುತ್ತಿ, ಅವಳ ಕೋಳಿ ಸಾರು ಆರಿ ತಣ್ಣಗಾದ ಮೇಲೆ ತಲುಪುತ್ತಿದ್ದ. ಹಿಂದೆ ಸೈಕಲ್ ತುಳಿಯುತ್ತ ನಾನು ಅವನನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಡಾಂಬರಿನ ನಟ್ಟನಡುವೆ ಹುಲ್ಲು ಎದ್ದಿದ್ದರೆ ಮಾತ್ರ ಅವನ ಮುಖ ಅರಳುತ್ತಿತ್ತು. ನೋಡು, ಇದು ರಸ್ತೆ ಅಂದರೆ, ಎನ್ನುತ್ತಿದ್ದ, ಹಣ ಕೊಟ್ಟು ತಾನೇ ಹಾಕಿಸಿದವನ ಗತ್ತಿನಲ್ಲಿ.

ಫ್ರಾನ್ಸಿನ ನಮ್ಮ ಮೊರ್ವಾಂ ಸೀಮೆಯಲ್ಲಿ ಅಂಥ ರಸ್ತೆಗಳಿಗೆ ಬರವಿಲ್ಲ. ಇಲ್ಲಿ ಜನರಿಗಿಂತ ದನ ಹೆಚ್ಚು, ದನಕ್ಕಿಂತ ಮರ ಹೆಚ್ಚು. ನಮ್ಮೂರು ವೊಕ್ಲೇರ್‌ನ ಸೈಕಲ್ ಸಂಘ ಪ್ರತಿ ವರ್ಷ ಮೇ ತಿಂಗಳ ಒಂದು ಭಾನುವಾರ ದೊಡ್ಡ ಸವಾರಿ ಏರ್ಪಡಿಸುತ್ತದೆ. ಅದಕ್ಕೆ ದಾರಿ ಹುಡುಕುವುದು, ಹಿಂದಿನ ದಿನ ಹೋಗಿ ರಸ್ತೆಯ ಮೇಲೆ ಬಾಣದ ಗುರುತು ಬರೆಯುವುದು ಆನ್ಸೆಲ್ಮ್‌ನ ಕೆಲಸ. ಬೇರೆ ಸಂಘದವರು ಡಬ್ಬಿಯ ಬಣ್ಣ ಸಿಂಪಡಿಸುತ್ತಾರೆ. ಇವನದು ಸುಣ್ಣ. ಒಂದು ಬಕೆಟ್ಟು ಸುಣ್ಣದ ನೀರು ಹ್ಯಾಂಡಲಿಗೆ ತೂಗುಹಾಕಿ, ಪೊರಕೆ ಕೋಲಿಗೆ ಬಣ್ಣದ ಕುಂಚ ಕಟ್ಟಿಕೊಂಡು ಹೊರಡುತ್ತಿದ್ದ. ಮಳೆ ಬಂದರೆ ತೊಳೆದುಹೋಗುತ್ತದೆ, ರಸ್ತೆಗೆ ಮತ್ತೆ ತನ್ನ ಮರ್ಯಾದೆ ಬರುತ್ತದೆ ಎನ್ನುವುದು ಅವನ ವಾದ.

ಪ್ರತಿ ತಿರುವಿಗೂ ಮೂರು ಬಾಣ. ತಿರುವಿಗೆ ಮುಂಚೆ ಒಂದು, ಎಚ್ಚರ ಎನ್ನುವುದಕ್ಕೆ. ತಿರುವಿನಲ್ಲೇ ಒಂದು, ಇಲ್ಲಿ ಎನ್ನುವುದಕ್ಕೆ. ತಿರುಗಿ ಸ್ವಲ್ಪ ದೂರ ಹೋದ ಮೇಲೆ ಇನ್ನೊಂದು. ಇದನ್ನು ನಾವು 'ಹೌದು' ಎಂದೇ ಕರೆಯುತ್ತೇವೆ. ಹೌದು, ನೀನು ಸರಿಯಾಗಿಯೇ ಬಂದಿದ್ದೀಯ. ಅದು ಕಾಣುವ ತನಕ ಯಾವ ಸವಾರನಿಗೂ ಸಮಾಧಾನವಿಲ್ಲ. ಹೋಗಬಾರದ ರಸ್ತೆಯ ಬಾಯಿಗೆ ಅಂಚಿನಿಂದ ಅಂಚಿಗೆ ಒಂದು ಅಡ್ಡಗೆರೆ. ಅಡ್ಡಗೆರೆ ಕಂಡರೆ ಯೋಚನೆಗೆ ಮೊದಲೇ ಕೈ ಬ್ರೇಕ್ ಹಿಡಿಯುತ್ತದೆ. ಸರ್ಕಾರದವರು 'ರಸ್ತೆ ಮುಚ್ಚಿದೆ' ಎಂದು ನೆಟ್ಟ ಫಲಕಕ್ಕೆ ಮಾತ್ರ ನಾವು ಕವಡೆ ಕಾಸಿನ ಬೆಲೆ ಕೊಡುವುದಿಲ್ಲ. ಮುಚ್ಚಿದೆ ಎಂದರೆ ಕಾರು ಬರುವುದಿಲ್ಲ ಎಂದರ್ಥ. ಸೈಕಲ್ಲಿನವರಿಗೆ ಅದು ಆಮಂತ್ರಣ ಪತ್ರಿಕೆ.

ಆನ್ಸೆಲ್ಮ್ ಸೈಕಲ್ಲಿನಿಂದ ಇಳಿಯದೆ, ಒಂದು ಕಾಲು ನೆಲಕ್ಕೂರಿ ಬರೆಯುತ್ತಿದ್ದ. ಹಾಗಾಗಿ ಅವನ ಬಾಣದ ಬಲರೆಕ್ಕೆ ಯಾವಾಗಲೂ ಗಿಡ್ಡ. ಕುಂಚ ಎತ್ತುವಾಗ ಬಾಲಕ್ಕೆ ಒಂದು ಕೊಕ್ಕೆ ಬಂದುಬಿಡುತ್ತಿತ್ತು. ಸೀಮೆಯ ಸವಾರರಿಗೆಲ್ಲ ಆ ಕೊಕ್ಕೆ ಗೊತ್ತು.

ಊರಾಚೆಯ ಜಲಾಶಯದ ರಸ್ತೆಗೆ ಅವನು ವರ್ಷ ತಪ್ಪದೆ ಅಡ್ಡಗೆರೆ ಹಾಕುತ್ತಿದ್ದ. ಅವನು ಚಿಕ್ಕವನಿದ್ದಾಗ ಅಣೆಕಟ್ಟು ಕಟ್ಟಿದರು. ಅವನು ಹುಟ್ಟಿದ ಮೊಂಶಾಲ್ ಎಂಬ ಹಳ್ಳಿ, ಸೇಬಿನ ತೋಟ, ಕಲ್ಲಿನ ಸೇತುವೆ ಎಲ್ಲ ಮುಳುಗಿದವು. ಹಳ್ಳಿಗೆ ಇಳಿಯುತ್ತಿದ್ದ ರಸ್ತೆ ಈಗಲೂ ಕಡಿದಾಗಿ ಇಳಿದು, ಒಂದು ತಿರುವು ತಿರುಗಿ, ನೇರ ನೀರಿನೊಳಗೆ ಹೋಗುತ್ತದೆ. ಎಷ್ಟೋ ವರ್ಷಕ್ಕೊಮ್ಮೆ ಅಣೆಕಟ್ಟು ಪರೀಕ್ಷಿಸಲು ನೀರು ಬಿಟ್ಟು ಖಾಲಿ ಮಾಡುತ್ತಾರೆ. ಹಾಗೆ ಬರಿದಾದ ಒಂದು ಬೇಸಿಗೆಯಲ್ಲಿ ಆನ್ಸೆಲ್ಮ್ ನಮ್ಮ ಮಗಳು ಕ್ಲೊತಿಲ್ದ್‌ಳನ್ನು ಕರೆದುಕೊಂಡು ಆ ರಸ್ತೆಯಲ್ಲಿ ಸೈಕಲ್ ಹೊಡೆದಿದ್ದ. ಆಗ ಅವಳಿನ್ನೂ ಹಲ್ಲು ಬಿದ್ದ ಹುಡುಗಿ. ಮಂಡಿವರೆಗೂ ಕೆಸರು ಮೆತ್ತಿಕೊಂಡು ಬಂದವರು ವಾರಗಟ್ಟಲೆ ಅದನ್ನೇ ಮಾತಾಡಿದರು. ನೀರು ತುಂಬಿದಾಗಿನಿಂದ ಒಂದೇ ಒಂದು ಕಾರು ಬಾರದ ರಸ್ತೆ, ಜಗತ್ತಿನಲ್ಲೇ ಶುದ್ಧವಾದ ರಸ್ತೆ ಎಂದು ಅವನು ಹೇಳಿದ್ದನ್ನು ಅವಳು ಶಾಲೆಯಲ್ಲೆಲ್ಲ ಸಾರಿದ್ದಳು. ಮುಂದಿನ ಸಲ ಖಾಲಿ ಮಾಡಿದಾಗ ಸೇತುವೆಯ ಆಚೆಗೂ ಹೋಗೋಣ ಎಂದು ಅವನು ಮಾತು ಕೊಟ್ಟಿದ್ದ. ಆ ಮುಂದಿನ ಸಲ ಅಣೆಕಟ್ಟಿನವರ ಒಂದಲ್ಲ ಒಂದು ನೆಪಕ್ಕೆ ಮುಂದೆ ಹೋಗುತ್ತಲೇ ಇತ್ತು.

ಅಷ್ಟರಲ್ಲಿ ಅವನ ಶ್ವಾಸಕೋಶ ಕೈಕೊಟ್ಟಿತು. ಕಳೆದ ವರ್ಷ ಎಲೆ ಉದುರುವ ಕಾಲದಲ್ಲಿ, ಆಸ್ಪತ್ರೆಯ ಮಂಚದ ಮೇಲೆ, ಮಗಳ ಕೈ ಹಿಡಿದುಕೊಂಡು ಹೇಳಿದ:

"ಮೊಂಶಾಲ್ ರಸ್ತೆ ಬಾಕಿ ಉಳೀತಲ್ಲ ಮಗಳೇ. ನಾನು ಮುಂದೆ ಹೋಗಿ ಗುರುತು ಹಾಕಿರ್ತೀನಿ. ನೀನು ಹಿಂದೆ ಬಾ."

ಜ್ವರದ ಮಾತು ಎಂದುಕೊಂಡೆ. ಅವನನ್ನು ಚರ್ಚಿನ ಹಿಂದೆ ಮಣ್ಣು ಮಾಡಿದೆವು.

ಕ್ಲೊತಿಲ್ದ್ ಪಟ್ಟಣದ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ಮೂವತ್ತು ದಾಟಿದವಳು, ಚಳಿಗಾಲವಿಡೀ ಕಡ್ಡಿಯಾದಳು. ಊರಿಗೆ ಬಂದರೆ ಅಪ್ಪನ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದಳು. ತಿನ್ನು ಎಂದರೆ ತಿನ್ನಳು, ಅಳು ಎಂದರೆ ಅಳಳು. ನನ್ನ ಮಾತು ಕೇಳಿದ ಮಗಳೇ ಅಲ್ಲ ಅವಳು. ಅಪ್ಪ ಗೆರೆ ಹಾಕಿದರೆ ದಾಟುತ್ತಿರಲಿಲ್ಲ, ಅಮ್ಮ ಗೋಡೆ ಕಟ್ಟಿದರೂ ಹಾರುತ್ತಿದ್ದಳು. ಮಾರ್ಚ್‌ನಲ್ಲಿ ಒಂದು ಭಾನುವಾರ ಅಪ್ಪನ ಸೈಕಲ್ಲಿನ ಸೀಟು ಇಳಿಸಿಕೊಂಡು ಹೊರಗೆ ಹೋದಳು. ಬಂದಾಗ ಕೆನ್ನೆ ಕೆಂಪಾಗಿತ್ತು. ಮೊಳದುದ್ದದ ಬ್ರೆಡ್ಡಿನಲ್ಲಿ ಅರ್ಧ, ಹಂದಿಮಾಂಸದ ದೊಡ್ಡ ಚೂರು ಒಂದೇ ಏಟಿಗೆ ಮುಗಿಸಿದಳು. ಬಟ್ಟೆ ಒಗೆಯುವ ಹಳೇ ಕಟ್ಟೆಯ ತಿರುವಿನಲ್ಲಿ ಅಪ್ಪನ ಬಾಣ ಇದೆ ಎಂದಳು.

ಹೋದ ವರ್ಷದ್ದು ಉಳಿದಿರಬೇಕು ಎಂದೆ. ಸುಣ್ಣ ಒಂದು ಚಳಿಗಾಲ ತಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಮಗಳು ತಿನ್ನುತ್ತಿದ್ದಳು. ತಿನ್ನುವವಳ ಬಾಯಿಗೆ ಯಾರು ಅಡ್ಡ ಬರುತ್ತಾರೆ?

ಮುಂದಿನ ಭಾನುವಾರ ಇನ್ನಷ್ಟು ಮುಂದೆ ಹೋಗಿ ಬಂದಳು. ಅದರ ಮುಂದಿನ ಭಾನುವಾರ ಇನ್ನಷ್ಟು. ಕಾಡಿನ ಮಗ್ಗುಲಿಗೆ ಸುತ್ತಿ, ಪಾಳುಬಿದ್ದ ಗರಗಸದ ಮಿಲ್ಲು ದಾಟಿ, ಒಂದು ಕಾರೂ ಕಾಣದ ದಾರಿಯಲ್ಲಿ ಬಾಣಗಳು ಸಾಗಿದ್ದವಂತೆ. ಅವಳು ನಗತೊಡಗಿದಳು, ಅಪ್ಪನ ತಮಾಷೆಗಳನ್ನು ಹೇಳತೊಡಗಿದಳು. ನನಗೂ ಹಿತವಾಗಿಯೇ ಇತ್ತು. ಸಂಘದ ಯಾರೋ ಪುಣ್ಯಾತ್ಮರು ಹುಡುಗಿಯ ಮನಸ್ಸು ಹಗುರಾಗಲೆಂದು ಹಾಕುತ್ತಿರಬೇಕೆಂದು ನಂಬಿದ್ದೆ.

ಸಂಘದ ಅಧ್ಯಕ್ಷ ಫುಲ್ಬೇರ್ ನಮ್ಮೂರ ಕಸಾಯಿ. ಆನ್ಸೆಲ್ಮ್ ಹೋದ ಮೇಲೆ ಬಾಣದ ಕೆಲಸ ಅವನ ಪಾಲಿಗೆ ಬಂದಿತ್ತು. ಹಳದಿ ಬಣ್ಣದ ಡಬ್ಬಿ ಹಿಡಿದು ಅವನು ಬರೆಯುವ ಬಾಣ ಥೇಟ್ ಅವನ ಅಂಗಡಿಯ ಸಾಸೇಜು. ನೀನೇನಾದರೂ ಸುಣ್ಣದಲ್ಲಿ ಆಟ ಆಡುತ್ತಿದ್ದೀಯಾ ಎಂದು ಕೇಳಿದ್ದಕ್ಕೆ ಅವನು ಕತ್ತಿ ಕೆಳಗಿಟ್ಟು, ತನಗೇನು ಬೇರೆ ಕೆಲಸವಿಲ್ಲವೇ ಎಂದು ಗೊಣಗಿದ. ಇಬ್ಬರೂ ನೋಡಿಯೇ ಬಿಡೋಣವೆಂದು ಒಗೆಯುವ ಕಟ್ಟೆಗೆ ಹೋದೆವು. ರಾತ್ರಿಯಿಡೀ ಧೋ ಎಂದು ಮಳೆ ಸುರಿದಿತ್ತು. ಚರಂಡಿ ಇನ್ನೂ ಹರಿಯುತ್ತಿತ್ತು. ಬಾಣ ಬೆಳ್ಳಗೆ ಹೊಳೆಯುತ್ತಿತ್ತು. ಬಲರೆಕ್ಕೆ ಗಿಡ್ಡ, ಬಾಲಕ್ಕೆ ಕೊಕ್ಕೆ.

ಫುಲ್ಬೇರ್ ಬಗ್ಗಿ ಬೆರಳಿಟ್ಟ. ಸುಣ್ಣ ಬೆರಳಿಗೆ ಹತ್ತಿತು. ಮೂಸಿ ನೋಡಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಮತ್ತೆ ಒರೆಸಿಕೊಂಡ.

"ಯುಗೆಟ್, ಇದು ಅವನದೇ ಕೈ ಕಣಮ್ಮ."

"ಅವನ ಕೈ ಚರ್ಚಿನ ಹಿಂದೆ ಮಣ್ಣಲ್ಲಿದೆ," ಎಂದೆ.

ಮನೆಗೆ ಬಂದು ಹಿತ್ತಿಲ ಕೊಟ್ಟಿಗೆ ತೆಗೆದು ನೋಡಿದೆ. ಬಕೆಟ್ಟು ಅವನು ಬಿಟ್ಟಲ್ಲೇ ಇತ್ತು. ಸುಣ್ಣ ಕಲ್ಲಾಗಿ, ಕುಂಚ ಅದರಲ್ಲಿ ನೆಟ್ಟಗೆ ಹೂತು ನಿಂತಿತ್ತು. ಎಳೆದೆ, ಅಲುಗಲಿಲ್ಲ. ಮೇಲೆ ಜೇಡ ಬಲೆ ಕಟ್ಟಿತ್ತು. ಅದನ್ನು ನೋಡಿ ಧೈರ್ಯ ಬರಬೇಕಿತ್ತು, ಬರಲಿಲ್ಲ. ಇಲ್ಲಿಂದ ಹೋದ ಸುಣ್ಣವಲ್ಲ ಅದು.

ಆಮೇಲೆ ಆ ಬಾಣಗಳು ಎಲ್ಲಿಗೆ ಹೋಗುತ್ತಿವೆ ಎಂದು ಯೋಚಿಸಿದೆ. ಒಗೆಯುವ ಕಟ್ಟೆ, ಕಾಡಿನ ಮಗ್ಗುಲು, ಗರಗಸದ ಮಿಲ್ಲು. ಅವನಿಗೆ ಕಾರುಗಳನ್ನು ತಪ್ಪಿಸಿ ಮೊಂಶಾಲ್‌ಗೆ ಹೋಗಬೇಕಿದ್ದರೆ ಅದೇ ದಾರಿ.

ಸವಾರಿಯ ಭಾನುವಾರ ಬಂತು. ಬೆಳಿಗ್ಗೆ ಕಿಟಕಿ ತೆಗೆದರೆ ಎದುರಿನ ಬೇಲಿ ಕಾಣದಷ್ಟು ಮಂಜು. ಕ್ಲೊತಿಲ್ದ್ ಅಪ್ಪನ ಉಣ್ಣೆಯ ಸಂಘದಂಗಿ ಹಾಕಿಕೊಂಡು, ಕಾಫಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದಳು. ಮದುವೆಗೆ ಹೊರಟವಳ ಕಳೆ ಮುಖದಲ್ಲಿತ್ತು. ತಾನು ಹಳದಿ ಬಾಣದ ಹಿಂದೆ ಹೋಗುವುದಿಲ್ಲ ಎಂದಳು. ಹೋದ ವಾರ ಜಲಾಶಯದ ರಸ್ತೆಯ ಬಾಯಿಯ ತನಕ ಹೋಗಿ ಕತ್ತಲಾಯಿತೆಂದು ವಾಪಸು ಬಂದಳಂತೆ. ಅಲ್ಲಿ ಎಚ್ಚರದ ಬಾಣ ಇದೆ, ತಿರುವಿನ ಬಾಣವೂ ಇದೆ. ಅಡ್ಡಗೆರೆ ಇಲ್ಲ.

"ಮೂರನೇದು ನೋಡಿದ್ಯಾ?" ಎಂದೆ.

"ಅದು ತಿರುಗಿದ ಮೇಲೆ ತಾನೇ ಅಮ್ಮ ಕಾಣೋದು," ಎಂದು ನಕ್ಕಳು. "ಅಪ್ಪ ಹೌದು ಅಂದಿರ್ತಾರೆ. ಇವತ್ತು ಇಳೀತೀನಿ."

ಅಲ್ಲಿ ನೀರಿದೆ ಎಂದೆ. ಅಪ್ಪ ಗುರುತು ಹಾಕಿದ್ದಾರೆ ಎಂದಳು. ಮಂಜಿದೆ ಎಂದೆ, ಬ್ರೇಕು ಹಳೆಯದು ಎಂದೆ, ನನ್ನನ್ನೊಬ್ಬಳನ್ನೇ ಬಿಟ್ಟು ಎಲ್ಲಿಗೆ ಹೋಗುತ್ತೀಯೇ ಎಂದೂ ಕೇಳಿದೆ. ಅವಳು ನನ್ನ ಹಣೆಗೆ ಮುತ್ತಿಟ್ಟಳು. ವರ್ಷಗಳಿಂದ ಇಡದವಳು. ಬಾಗಿಲಿಗೆ ಅಡ್ಡ ನಿಂತೆ. ನನ್ನನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು ಹೋದಳು. ಶಾಲೆಯ ಹಂಡೆಗಳನ್ನು ಎತ್ತುವ ತೋಳು ಅವಳದು.

ಕೊಟ್ಟಿಗೆಗೆ ಓಡಿದೆ. ಸುತ್ತಿಗೆಯಿಂದ ಆ ಕಲ್ಲಿಗೆ ಹೊಡೆದು ಕುಂಚ ಬಿಡಿಸಿದೆ. ಮೂಲೆಯ ಡಬ್ಬದಲ್ಲಿದ್ದ ಸುಣ್ಣಕ್ಕೆ ನೀರು ಹಾಕಿ ಕಲಸಿದೆ. ಬಕೆಟ್ಟು ಹ್ಯಾಂಡಲಿಗೆ ಸಿಕ್ಕಿಸಿ, ದೊಡ್ಡ ರಸ್ತೆ ಹಿಡಿದೆ. ಮರದ ದಿಮ್ಮಿಯ ಲಾರಿಗಳು ಓಡುವ ಆ ರಸ್ತೆಗೆ ನಲವತ್ತು ವರ್ಷದ ಸಂಸಾರದಲ್ಲಿ ಆನ್ಸೆಲ್ಮ್ ನನ್ನ ಸೈಕಲ್ ಇಳಿಯಲು ಬಿಟ್ಟಿರಲಿಲ್ಲ. ಮಂಜಿನಲ್ಲಿ ಲಾರಿಗಳು ಹಾರನ್ ಬಾರಿಸುತ್ತ ತೋಳಿಗೆ ತಾಗುವಷ್ಟು ಹತ್ತಿರ ಹಾದವು. ಒಬ್ಬ ಚಾಲಕ ನನ್ನ ವಂಶವನ್ನೆಲ್ಲ ಜಾಲಾಡಿದ. ಬೈಯಿ ಎಂದುಕೊಂಡೆ. ಅವನ ಬಾಣಗಳು ಸುತ್ತಿಕೊಂಡು ಬರಲಿ, ಈ ರಸ್ತೆ ನೆಟ್ಟಗೆ ಹೋಗುತ್ತದೆ.

ಜಲಾಶಯದ ರಸ್ತೆಯ ಬಾಯಿಯಲ್ಲಿ ಸರ್ಕಾರದ ಫಲಕ ಓರೆಯಾಗಿ ನಿಂತಿತ್ತು. ಎರಡು ಬಾಣಗಳೂ ಇದ್ದವು, ಒದ್ದೆಯಾಗಿ. ಮಗಳು ಇನ್ನೂ ಬಂದಿರಲಿಲ್ಲ; ರಸ್ತೆಯ ಪಾಚಿಯ ಮೇಲೆ ಚಕ್ರದ ಗುರುತಿರಲಿಲ್ಲ. ಅಲ್ಲೇ ಗೆರೆ ಎಳೆದು ಮುಗಿಸಬಹುದಿತ್ತು. ಆದರೆ ಮೂರನೆಯದನ್ನು ನೋಡದೆ ಇರಲಾಗಲಿಲ್ಲ. ನಾನೂ ಅದೇ ಸವಾರರ ಜಾತಿಯವಳಲ್ಲವೇ.

ಸೈಕಲ್ ಹಿಡಿದುಕೊಂಡು ನಡೆದು ಇಳಿದೆ. ತಿರುವು ದಾಟಿದ ಮೇಲೆ ಕಂಡಿತು. ನೀರಿನ ಅಂಚಿನಲ್ಲಿ, ಅರ್ಧ ಡಾಂಬರಿನ ಮೇಲೆ, ಅರ್ಧ ನೀರಿನೊಳಗೆ. ಸುಣ್ಣ ಕರಗಿರಲಿಲ್ಲ. ಅದರ ಮುಂದೆ ನೀರಿನ ಕೆಳಗೆ ಇನ್ನೊಂದು ಬಾಣ, ಇನ್ನೂ ಆಳದಲ್ಲಿ ಮಸುಕಾಗಿ ಮತ್ತೊಂದು. ಮಗಳು ಹೆದರಿಯಾಳೆಂದು ಒಂದು ಸಾಲದೆ ಉದ್ದಕ್ಕೂ ಹೌದು, ಹೌದು, ಹೌದು ಎಂದು ಬರೆದಿದ್ದ. ಅವನು ಸವಾರಿಗೆ ಮುಂಚೆ ಕಾಲಿಗೆ ತಿಕ್ಕಿಕೊಳ್ಳುತ್ತಿದ್ದ ಕರ್ಪೂರದೆಣ್ಣೆಯ ವಾಸನೆ ಗಾಳಿಯಲ್ಲಿತ್ತು. ನೀರಿನ ಮೇಲೆ, ಮಂಜಿನಲ್ಲಿ, ತುಳಿಯದೆ ಉರುಳುವ ಚಕ್ರದ ಟಿಕಟಿಕ ಸದ್ದು ಅತ್ತಿಂದಿತ್ತ ಸುತ್ತುತ್ತಿತ್ತು. ಕಾಯುವಾಗ ಅವನು ಹಾಗೆಯೇ ಸುತ್ತು ಹೊಡೆಯುತ್ತಿದ್ದದ್ದು. ನೀರಿನಲ್ಲಿ ಒಂದು ಅಲೆಯೂ ಇರಲಿಲ್ಲ.

ನನಗೆ ಹೆದರಿಕೆಗಿಂತ ಆಸೆಯೇ ಹೆಚ್ಚಾಯಿತು, ಸುಳ್ಳೇಕೆ ಹೇಳಲಿ. ಇನ್ನೆರಡು ಹೆಜ್ಜೆ ಇಟ್ಟರೆ ಅವನು. ಬೂಟಿನ ತುದಿ ಒದ್ದೆಯಾದಾಗ ಎಚ್ಚರವಾಯಿತು.

"ಆನ್ಸೆಲ್ಮ್," ಎಂದೆ, "ಅವಳನ್ನ ಬಿಡು. ಅವಳಿನ್ನೂ ಬದುಕಿ ಬಾಳಬೇಕು ಕಣೋ."

ಟಿಕಟಿಕ ನಿಂತಿತು. ಅವನು ಕೇಳಿಸಿಕೊಂಡ ಎಂದುಕೊಂಡೆ. ಮತ್ತೆ ಶುರುವಾಯಿತು, ಈ ಸಲ ಇನ್ನೂ ಹತ್ತಿರದಲ್ಲಿ. ಅವನು ಕೆಟ್ಟವನಲ್ಲ. ಬದುಕಿದ್ದಾಗ ಮಗಳಿಗೆ ಒಂದು ಪೆಟ್ಟು ಹಾಕಿದವನಲ್ಲ. ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದ, ಅಷ್ಟೇ. ಅಲ್ಲಿ ನೀರಿದೆ ಎನ್ನುವುದು ಅವನಿಗೆ ಈಗ ತಿಳಿಯುತ್ತಲೇ ಇರಲಿಲ್ಲ. ಅವನ ಪಾಲಿಗೆ ರಸ್ತೆ ಒಣಗಿಯೇ ಇತ್ತು.

ಮೇಲಿನಿಂದ ಸಿಳ್ಳೆ ಕೇಳಿಸಿತು. ಕ್ಲೊತಿಲ್ದ್ ಇಳಿಜಾರು ಬರುವ ಮುಂಚೆ ಸಿಳ್ಳೆ ಹಾಕುತ್ತಾಳೆ, ಅಪ್ಪ ಕಲಿಸಿದ್ದು. ಏದುಸಿರು ಬಿಡುತ್ತ ರಸ್ತೆಯ ಬಾಯಿಗೆ ಹತ್ತಿದೆ. ನನ್ನನ್ನು ಕಂಡರೆ ಜಗಳವಾಡಿ ದಾಟಿಯೇ ಹೋಗುತ್ತಾಳೆ. ಅಮ್ಮನ ಗೆರೆಗೆ ಅವಳು ನಿಲ್ಲುವುದಿಲ್ಲ. ಸೈಕಲ್ ಹತ್ತಿ, ಒಂದು ಕಾಲು ನೆಲಕ್ಕೂರಿ, ಅವನ ಹಾಗೆಯೇ ಕುಂಚ ಎಳೆದೆ. ಸುಣ್ಣವನ್ನು ಡಾಂಬರು ಕುಡಿದುಬಿಟ್ಟಿತು. ನನ್ನ ಕಣ್ಣೆದುರೇ ಗೆರೆ ಮಾಯವಾಯಿತು. ಮತ್ತೆ ಎಳೆದೆ, ಮತ್ತೆ ಮಾಯವಾಯಿತು. ಸಿಳ್ಳೆ ಹತ್ತಿರವಾಯಿತು. ಕುಂಚ ಎಸೆದು, ಬಕೆಟ್ಟಿಗೆ ಎರಡೂ ಕೈ ಅದ್ದಿ, ಮಂಡಿಯೂರಿ, ಅಂಗೈಯಿಂದ ಬಳಿದೆ. ಕೈ ಉರಿಯಿತು. ಬೇಡ, ಬೇಡ, ಬೇಡ ಎಂದು ಬಾಯಿಬಿಟ್ಟು ಹೇಳುತ್ತ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಬಳಿದೆ. ಈ ಸಲ ನಿಂತಿತು. ಕೊನೆಯಲ್ಲಿ ಬೆರಳಿನಿಂದ ಅವನ ಹಾಗೆಯೇ ಒಂದು ಕೊಕ್ಕೆ ಎಳೆದು, ಸೈಕಲ್ಲು ಬಕೆಟ್ಟು ಸಮೇತ ಪೊದೆಯೊಳಗೆ ಬಿದ್ದೆ.

ಅವಳು ಮಂಜಿನಿಂದ ಬಾಣದ ವೇಗದಲ್ಲಿ ಹೊರಬಂದಳು. ಬ್ರೇಕು ಕಿರುಚಿತು. ಮುಂದಿನ ಚಕ್ರ ಸುಣ್ಣದ ಮೇಲೆಯೇ ನಿಂತಿತು. ಬಹಳ ಹೊತ್ತು ಆ ಗೆರೆಯನ್ನೇ ನೋಡಿದಳು. ಕೆಳಗೆ ಟಿಕಟಿಕ ಕೇಳುತ್ತಿತ್ತು, ಅವಳಿಗೂ ಕೇಳುತ್ತಿತ್ತು, ತಲೆ ಎತ್ತಿ ಆ ಕಡೆ ನೋಡಿದಳು. ಆಮೇಲೆ ಬಗ್ಗಿ ಕೊಕ್ಕೆಯನ್ನು ಮುಟ್ಟಿದಳು.

"ಸರಿ ಅಪ್ಪ," ಎಂದಳು. ಅವನು ಹೋದ ಮೇಲೆ ಅವಳ ಅಳು ನಾನು ಅವತ್ತೇ ಮೊದಲು ಕೇಳಿದ್ದು. ಸೈಕಲ್ ತಿರುಗಿಸಿಕೊಂಡು ಹೋದಳು.

ಮಧ್ಯಾಹ್ನ ಸಂಘದ ಹಾಲಿನಲ್ಲಿ ಸೂಪು, ವೈನು, ಪ್ಲಮ್ ಹಣ್ಣಿನ ಕಡುಬು, ಗದ್ದಲ. ಕ್ಲೊತಿಲ್ದ್ ನನ್ನ ಪಕ್ಕ ಕೂತು, ಅಪ್ಪ ಬೇಡ ಅಂದರಮ್ಮ ಎಂದು ಕಿವಿಯಲ್ಲಿ ಹೇಳಿದಳು. ಕಣ್ಣು ಊದಿತ್ತು, ಮುಖ ಶಾಂತವಾಗಿತ್ತು. ಸುಣ್ಣಕ್ಕೆ ಬೊಬ್ಬೆ ಎದ್ದ ನನ್ನ ಕೈಗಳು ಮೇಜಿನ ಕೆಳಗಿದ್ದವು. ಒಳ್ಳೆಯದಾಯಿತು ಬಿಡು ಎಂದೆ. ಅಪ್ಪ ಬೇಡ ಎನ್ನಲಿಲ್ಲ, ಕರೆಯುತ್ತಲೇ ಇದ್ದ ಎಂದು ನಾನು ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಈಗ ಅವಳು ಪಟ್ಟಣದ ಗೆಳತಿಯರ ಜೊತೆ ಸೈಕಲ್ ಹೊಡೆಯುತ್ತಾಳೆ. ಇಳಿಸಿದ್ದ ಸೀಟನ್ನು ಮತ್ತೆ ಏರಿಸಿಕೊಂಡಿದ್ದಾಳೆ, ಈಗ ಕುಗ್ಗಿ ಕೂರುವುದಿಲ್ಲ.

ನನ್ನ ಸುಣ್ಣ ಮಳೆಗೆ ಹೋಗುತ್ತದೆ. ದೊಡ್ಡ ಮಳೆ ನಿಂತಾಗಲೆಲ್ಲ ನಾನು ಬಕೆಟ್ಟು ಹಿಡಿದು ಹೋಗಿ ಗೆರೆ ಬಳಿದು ಬರುತ್ತೇನೆ. ಗೆರೆಯ ಆಚೆ ಪ್ರತಿ ಸಲವೂ ಒಂದು ಬಾಣ ಒದ್ದೆಯಾಗಿರುತ್ತದೆ. ಈಚೆಗೆ ದಾಟುವುದಿಲ್ಲ. ಅವನು ಹಾಕಿಕೊಟ್ಟ ನಿಯಮವನ್ನು ಅವನೇ ಮುರಿಯುವವನಲ್ಲ. ಎಣ್ಣೆಯ ವಾಸನೆ ಬರುತ್ತದೆ, ಸ್ವಲ್ಪ ಹೊತ್ತು ಕೂರುತ್ತೇನೆ, ಊರ ಸುದ್ದಿ ಹೇಳುತ್ತೇನೆ. ನನ್ನ ಬಳಿಗೆ ಅವನು ಬರಬಹುದಾದ ಒಂದೇ ದಾರಿಯನ್ನು ನನ್ನ ಕೈಯಾರೆ ಮುಚ್ಚುತ್ತೇನೆ, ಅತ್ತುಕೊಂಡು ಮನೆಗೆ ಬರುತ್ತೇನೆ.

ಮೊನ್ನೆ ಎದೆ ಹಿಡಿದುಕೊಂಡಿತು. ವೈದ್ಯರು ಸೈಕಲ್ ಕಡಿಮೆ ಮಾಡಿ ಎಂದರು. ಮಾರನೆಯ ದಿನವೇ ಫುಲ್ಬೇರ್‌ನನ್ನು ಕರೆದುಕೊಂಡು ಜಲಾಶಯದ ರಸ್ತೆಗೆ ಹೋದೆ. ಗೆರೆ ಬಳಿಯುವುದನ್ನು ಅವನಿಗೆ ಕಲಿಸಿದೆ. ನಾನು ಹೋದ ಮೇಲೆ ಇದು ನಿನ್ನ ಕೆಲಸ, ಹಳದಿ ಬಣ್ಣ ಬೇಡ, ಸುಣ್ಣವೇ ಆಗಬೇಕು ಎಂದೆ. ಅವನು ಬೆವರು ಒರೆಸಿಕೊಂಡು ತಲೆಯಾಡಿಸಿದ. ಆಮೇಲೆ ಕುಂಚ ತೆಗೆದುಕೊಂಡು ಗೆರೆಯ ಈಚೆಗೆ ಒಂದು ಬಾಣ ಬರೆದೆ. ಜೀವನದಲ್ಲಿ ನಾನು ಬರೆದ ಮೊದಲ ಬಾಣ. ಎಡಕ್ಕೆ ಸೊಟ್ಟ, ತಲೆ ದಪ್ಪ.

ಇದು ಯಾಕೆ ಎಂದು ಫುಲ್ಬೇರ್ ಕೇಳಿದ.

"ಚೆನ್ನಾಗಿ ನೋಡ್ಕೊ, ಇದು ನನ್ನ ಕೈ," ಎಂದೆ. "ನಾನು ಸತ್ತ ಮೇಲೆ ಇಂಥದ್ದು ಎಲ್ಲಾದ್ರೂ ಕಂಡ್ರೆ, ನನ್ನ ಮೇಲೆ ದಾಕ್ಷಿಣ್ಯ ಇಟ್ಕೋಬೇಡ. ಅಡ್ಡಗೆರೆ ಹಾಕು."